ಸ್ಟೆಫಾನ್ ಹೈಮ್ ಎರಡು ಭಾಷೆಯಲ್ಲೂ ತಾವೇ ಬರೆದರು. ಹಾಗಾದರೆ ಮೂಲ ಯಾವುದು?

ಹಳೇಪುಟ
ಮೊನ್ನೆ ಮೈಸೂರಿನಲ್ಲಿ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಅರವತ್ತು ರೂಪಾಯಿಗೆ 'ದ ಕಿಂಗ್ ಡೇವಿಡ್ ರಿಪೋರ್ಟ್' ಅನ್ನೋ ಕಾದಂಬರಿ ಸಿಕ್ಕಿತು. ಬೈಂಡು ಬಿಟ್ಟುಹೋಗಿದೆ. ಮೊದಲ ಹಾಳೆಯಲ್ಲಿ ಯಾರೋ ನೀಲಿ ಶಾಯಿಯಲ್ಲಿ ಮನೆಲೆಕ್ಕ ಬರೆದಿದ್ದಾರೆ: ಹಾಲು, ತರಕಾರಿ, ಇಸ್ತ್ರಿ. ಲೇಖಕರು ಸ್ಟೆಫಾನ್ ಹೈಮ್, ಪೂರ್ವ ಜರ್ಮನಿಯವರು. ಅನುವಾದ ಯಾರದ್ದು ಅಂತ ಒಳಪುಟ ತಿರುವಿದೆ, ಹೆಸರೇ ಇಲ್ಲ. ಅನುವಾದಕರ ಹೆಸರು ನುಂಗಿಹಾಕೋದು ನಮ್ಮಲ್ಲಿ ಮಾಮೂಲಿ, ಅಲ್ಲೂ ಅದೇ ಕಥೆ ಅಂದುಕೊಂಡೆ. ಆಮೇಲೆ ನೋಡಿದರೆ ಅನುವಾದಕರೇ ಇಲ್ಲ! ಜರ್ಮನ್‌ನಲ್ಲೂ ಅವರೇ, ಇಂಗ್ಲಿಷಿನಲ್ಲೂ ಅವರೇ. ಜರ್ಮನ್ ಪುಸ್ತಕ 1972ರಲ್ಲಿ ಬಂದಿದೆ, ಇಂಗ್ಲಿಷಿನದ್ದು 1973ರಲ್ಲಿ.

ಇವರನ್ನು ಓದಿಕೊಂಡವರು ಯಾರಾದರೂ ಇದ್ದೀರಾ? ಮೂಲ ಅಂತ ಯಾವುದನ್ನು ಹಿಡಿಯೋದು?

ನೆಕ್ಕಾರ್_ತೀರ
ಹದಿನಾಲ್ಕು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಈ ಕಡೆ, ಅಂದರೆ ಹಳೆಯ ಪಶ್ಚಿಮ ಜರ್ಮನಿಯಲ್ಲಿ, ಹೈಮ್ ಅಂದ ಕೂಡಲೇ ನನ್ನ ಸಹೋದ್ಯೋಗಿಗಳಿಗೆ ನೆನಪಾಗೋದು ಕಾದಂಬರಿ ಅಲ್ಲ, 1994ರಲ್ಲಿ ಸಂಸತ್ತಿನಲ್ಲಿ ನಡೆದ ಪ್ರಸಂಗ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಹುಟ್ಟಿನಿಂದ.

ಅವರ ನಿಜವಾದ ಹೆಸರು ಹೆಲ್ಮುಟ್ ಫ್ಲೀಗ್. 1913ರ ಏಪ್ರಿಲ್ 10ರಂದು ಕೆಮ್ನಿಟ್ಸ್ ಊರಿನ ಯಹೂದಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದರು. ಹೈಸ್ಕೂಲಿನಲ್ಲಿದ್ದಾಗ ಜರ್ಮನಿಯ ಸೇನಾಧಿಕಾರಿಗಳು ಚೀನಾಕ್ಕೆ ತರಬೇತಿ ಕೊಡಲು ಹೋಗುತ್ತಿದ್ದರಲ್ಲ, ಅದನ್ನು ಗೇಲಿ ಮಾಡಿ ಒಂದು ಪದ್ಯ ಬರೆದರು. ನಮ್ಮ ದೇಶ ರಫ್ತು ಮಾಡುತ್ತಿರುವ ಸರಕು ಅಂದರೆ ಆಫೀಸರುಗಳು ಅನ್ನೋ ಧಾಟಿ. 1931ರಲ್ಲಿ ಊರಿನ ಎಡಪಂಥೀಯ ಪತ್ರಿಕೆ 'ಫೋಲ್ಕ್ಸ್‌ಷ್ಟಿಮ್ಮೆ'ಯಲ್ಲಿ ಅದು ಅಚ್ಚಾಯಿತು, ಹುಡುಗನನ್ನು ಶಾಲೆಯಿಂದ ಹೊರಗೆ ಹಾಕಿದರು. ಹದಿನೆಂಟು ವರ್ಷ. ಬರವಣಿಗೆಯಿಂದ ಬಂದ ಮೊದಲ ಸಂಭಾವನೆ ಅದೇ ಅನ್ನಿ.

ಬರ್ಲಿನ್‌ಗೆ ಹೋಗಿ ಓದು ಮುಗಿಸಿದರು. 1933ರ ಫೆಬ್ರವರಿಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಹಿಡಿಯುವುದು ಬಡಿಯುವುದು ಶುರುವಾಯಿತು, ಇವರು ಪ್ರಾಗ್‌ಗೆ ಓಡಿದರು. ಅಲ್ಲಿಂದ ಮನೆಗೆ ಕ್ಷೇಮ ತಿಳಿಸಬೇಕು, ಆದರೆ ಸ್ವಂತ ಹೆಸರು ಹಾಕಿದರೆ ಮನೆಯವರ ಕುತ್ತಿಗೆಗೆ ಬರುತ್ತದೆ. ಕಾರ್ಡಿನ ಕೆಳಗೆ 'ಸ್ಟೆಫಾನ್ ಹೈಮ್' ಅಂತ ಬರೆದರು. ಆ ಹೆಸರೇ ಕೊನೆಯವರೆಗೂ ಉಳಿಯಿತು. ಜರ್ಮನ್ ಕಿವಿಗೆ 'ಹೈಮ್' ಅಂದರೆ ಮನೆ ಅಂತಲೇ ಕೇಳಿಸುತ್ತೆ, ಕಾಗುಣಿತ ಮಾತ್ರ ಬೇರೆ.

ಕಡಲತಡಿ
ಜರ್ಮನಿಯವರೊಬ್ಬರು ಬೇರೆ ಭಾಷೆಯಲ್ಲಿ ಬರೆದದ್ದಕ್ಕೆ ಇಷ್ಟು ಆಶ್ಚರ್ಯ ಎಂತದು ಮಾರಾಯ್ರೆ? ನಮ್ಮ ಮಂಗಳೂರಲ್ಲಿ ಮೊಗ್ಲಿಂಗ್ 1843ರಲ್ಲೇ ಕನ್ನಡದಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದಾರೆ. ಕಿಟೆಲ್ಲರ ನಿಘಂಟು 1894ರದ್ದು, ನಮ್ಮ ಮನೆಯಲ್ಲಿ ಇವತ್ತಿಗೂ ಅದನ್ನೇ ತೆರೆಯೋದು.

ನೆಕ್ಕಾರ್_ತೀರ
@ಕಡಲತಡಿ ಒಪ್ಪಿದೆ. ಮೊಗ್ಲಿಂಗ್ ನಮ್ಮ ಸ್ಟುಟ್‌ಗಾರ್ಟ್ ಸೀಮೆಯವರೇ, ಬ್ರಾಕನ್‌ಹೈಮ್‌ನವರು. ಆದರೆ ಅವರು ಮಿಷನ್ ಕೆಲಸಕ್ಕೆ ಅಂತ ಹೊರಟು ಕನ್ನಡ ಕಲಿತವರು. ಹಿಂದೆ ಊರು ಇತ್ತು, ಕಾಗದ ಬರೆದರೆ ತಲುಪುತ್ತಿತ್ತು. ಹೈಮ್ ಇಂಗ್ಲಿಷಿಗೆ ಹೋದದ್ದು ಜರ್ಮನ್‌ನಲ್ಲಿ ಬರೆದರೆ ಓದಲು ಯಾರೂ ಉಳಿದಿಲ್ಲದ ಹೊತ್ತಿಗೆ.

1935ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಷಿಕಾಗೊಗೆ ಹೋದರು. ಅಲ್ಲಿ ಎಂ.ಎ.ಗೆ ಬರೆದ ಪ್ರಬಂಧ ಕವಿ ಹೈನ್ರಿಕ್ ಹೈನೆ ಮೇಲೆ. ಅವರೂ ಯಹೂದಿ, ದೇಶ ಬಿಟ್ಟು ಪ್ಯಾರಿಸ್‌ನಲ್ಲಿ ಸತ್ತವರು. 1937ರಿಂದ 39ರವರೆಗೆ ನ್ಯೂಯಾರ್ಕಿನಲ್ಲಿ ನಾಜಿ ವಿರೋಧಿ ಜರ್ಮನ್ ವಾರಪತ್ರಿಕೆಯೊಂದರ ಸಂಪಾದಕ. ಅದು ಮುಚ್ಚಿತು. ಆಮೇಲೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆಯಲು ಕೂತರು. ನಾಜಿಗಳ ಕೈಯಲ್ಲಿದ್ದ ಪ್ರಾಗ್‌ನಲ್ಲಿ ನಡೆಯುವ ಕಥೆ, 'ಹಾಸ್ಟೇಜಸ್', 1942. ಬಿಸಿ ದೋಸೆಯ ಹಾಗೆ ಖರ್ಚಾಯಿತು, ಮರುವರ್ಷವೇ ಹಾಲಿವುಡ್‌ನಲ್ಲಿ ಸಿನಿಮಾ ಆಯಿತು. ಏಳು ವರ್ಷದ ಹಿಂದೆ ಹಡಗು ಇಳಿದ ಹುಡುಗ! ನಾನು ಹದಿನಾಲ್ಕು ವರ್ಷ ಇಲ್ಲಿದ್ದೂ ವಿಮಾ ಕಂಪನಿಗೆ ಒಂದು ದೂರಿನ ಪತ್ರ ಬರೆಯಲು ಪಕ್ಕದ ಮನೆಯವರನ್ನು ಕರೆಯುತ್ತೇನೆ.

ಎಮ್ಮೆಕೆರೆ
ವಿಮಾ ಕಂಪನಿಗೆ ಕನ್ನಡದಲ್ಲಿ ಬರೆದರೂ ಉತ್ತರ ಬರಲ್ಲ ಬಿಡಿ ಸರ್.

ಗುಬ್ಬಿಗೂಡು
ನೆಕ್ಕಾರ್ ಸರ್, ಯುದ್ಧದಾಗ ಅವರು ಏನ್ ಮಾಡಿದ್ರು ಅದನ್ನೂ ಹೇಳ್ರಿ. ಕರಪತ್ರ ಬರೀತಿದ್ರು ಅಂತ ಎಲ್ಲೋ ಓದಿದ ನೆನಪು.

ನೆಕ್ಕಾರ್_ತೀರ
ಹೌದು ಮೇಡಂ. 1943ರಲ್ಲಿ ಅಮೆರಿಕದ ಸೇನೆಗೆ ಸೇರಿದರು. ಮೇರಿಲ್ಯಾಂಡಿನ ಕ್ಯಾಂಪ್ ರಿಚಿಯಲ್ಲಿ ಜರ್ಮನ್ ಬಲ್ಲ ನಿರಾಶ್ರಿತರಿಗೆ ವಿಶೇಷ ತರಬೇತಿ ಕೊಡುತ್ತಿದ್ದರು, 'ರಿಚಿ ಬಾಯ್ಸ್' ಅನ್ನುತ್ತಾರಲ್ಲ, ಅವರಲ್ಲಿ ಒಬ್ಬರು. 1944ರಲ್ಲಿ ನಾರ್ಮಂಡಿ. ಕೆಲಸ ಏನೆಂದರೆ ಎದುರಿನ ಕಂದಕದಲ್ಲಿರುವ ಜರ್ಮನ್ ಸೈನಿಕನಿಗೆ ಅವನದೇ ಭಾಷೆಯಲ್ಲಿ, ಶರಣಾಗು ಮಾರಾಯ, ಜೀವ ಉಳಿಸಿಕೋ ಅಂತ ಹೇಳುವುದು. ಕರಪತ್ರ, ರೇಡಿಯೊ, ಧ್ವನಿವರ್ಧಕ. ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಹೊಟ್ಟೆಪಾಡಿಗೆ, ಹೆಸರಿಗೆ ಇಂಗ್ಲಿಷು. ಓದುವವನ ಪ್ರಾಣ ಉಳಿಸಬೇಕಾದಾಗ ಮತ್ತೆ ಜರ್ಮನ್. ಆ ಓದುಗ ಒಪ್ಪದೇ ಹೋದರೆ ತಿರುಗಿ ಗುಂಡು ಹಾರಿಸುತ್ತಾನೆ. ಇಷ್ಟು ಖಡಕ್ ವಿಮರ್ಶಕ ಯಾವ ಲೇಖಕನಿಗೂ ಸಿಕ್ಕಿರಲಿಕ್ಕಿಲ್ಲ. ಆ ಬರಹಗಳೆಲ್ಲ 1986ರಲ್ಲಿ ಪುಸ್ತಕವಾಗಿ ಬಂದವು, 'ಶತ್ರುವಿಗೆ ಭಾಷಣಗಳು' ಅನ್ನೋ ಅರ್ಥದ ಹೆಸರಲ್ಲಿ.

ಯುದ್ಧ ಮುಗಿದ ಮೇಲೆ ಮ್ಯೂನಿಕ್‌ನಲ್ಲಿ ಅಮೆರಿಕನ್ನರು ನಡೆಸುತ್ತಿದ್ದ ಜರ್ಮನ್ ಪತ್ರಿಕೆಯಲ್ಲಿ ಕೆಲಸ. ರಷ್ಯಾದ ಬಗ್ಗೆ ಮೆತ್ತಗಿದ್ದಾರೆ ಅಂತ 1945ರ ಕೊನೆಗೆ ವಾಪಸ್ ಅಮೆರಿಕಕ್ಕೆ ಕಳಿಸಿದರು. 1948ರಲ್ಲಿ ಆ ಅನುಭವವನ್ನೆಲ್ಲ ಹಾಕಿ 'ದ ಕ್ರುಸೇಡರ್ಸ್' ಬರೆದರು, ಅದೂ ಇಂಗ್ಲಿಷಿನಲ್ಲೇ. ತಮಾಷೆ ನೋಡಿ: ಅದರ ಜರ್ಮನ್ ಆವೃತ್ತಿ 1950ರಲ್ಲಿ ಎರಡು ಜರ್ಮನಿಗಳಲ್ಲಿ ಎರಡು ಹೆಸರಲ್ಲಿ ಬಂತು. ಪೂರ್ವದಲ್ಲಿ 'ಇಂದಿನ ಧರ್ಮಯೋಧರು', ಪಶ್ಚಿಮದಲ್ಲಿ 'ಕಹಿ ಲಾರೆಲ್' ಅನ್ನೋ ಅರ್ಥದ್ದು. ಲಾರೆಲ್ ಅಂದರೆ ಗೆದ್ದವರ ತಲೆಗೆ ಸುತ್ತುವ ಎಲೆ. ಗೆದ್ದೂ ಬಾಯಿ ಕಹಿ.

ಸಂಶಯಪಿಶಾಚಿ
ಎಲ್ಲ ಸರಿ. ಹಾರ ಹಾಕೋ ಮೊದಲು ಮುಂದಿನದನ್ನೂ ಹೇಳಿ. ಕೊರಿಯಾ ಯುದ್ಧ ವಿರೋಧಿಸಿ ಅಮೆರಿಕದ ಪದಕ ಹಿಂದಿರುಗಿಸಿದರು, ಬಹಳ ಒಳ್ಳೆಯದು. ಆಮೇಲೆ ಹೋದದ್ದು ಎಲ್ಲಿಗೆ? 1953ರಲ್ಲಿ ಪೂರ್ವ ಬರ್ಲಿನ್‌ಗೆ. ಅದೇ ವರ್ಷ ಜೂನ್ 17ಕ್ಕೆ ಅಲ್ಲಿನ ಕಾರ್ಮಿಕರು ಬೀದಿಗಿಳಿದರು, ಸೋವಿಯತ್ ಟ್ಯಾಂಕುಗಳು ಬಂದವು. ನಮ್ಮ ಲೇಖಕರು ಸರ್ಕಾರಿ ಪತ್ರಿಕೆಯಲ್ಲಿ ಅಂಕಣ ಬರೆದುಕೊಂಡಿದ್ದರು. 1953ರಲ್ಲಿ ಹೈನ್ರಿಕ್ ಮನ್ ಪ್ರಶಸ್ತಿ, 1959ರಲ್ಲಿ ರಾಷ್ಟ್ರೀಯ ಪ್ರಶಸ್ತಿ. ಇಳಿಯಲು ಒಳ್ಳೆಯ ಮನೆ. ಇದನ್ನೆಲ್ಲ ಬಿಟ್ಟು ಬರೀ ದಿಟ್ಟ ಲೇಖಕ ಅಂತ ಬರೆದರೆ ಅದೂ ಒಂಥರಾ ಸರ್ಕಾರಿ ಚರಿತ್ರೆಯೇ.

ಹಳೇಪುಟ
@ಸಂಶಯಪಿಶಾಚಿ ಸರ್ಕಾರಿ ಚರಿತ್ರೆ ಅಂದಿರಲ್ಲ, ನಾನು ಓದುತ್ತಿರೋ ಪುಸ್ತಕದ ವಿಷಯವೇ ಅದು. ಅದಕ್ಕೆ ಬರ್ತೀನಿ.

ನೆಕ್ಕಾರ್_ತೀರ
ಸಂಶಯ ಸರ್ ಹೇಳಿದ್ದು ಸುಳ್ಳಲ್ಲ. ಐವತ್ತರ ದಶಕದ ಆ ಅಂಕಣಗಳನ್ನು ಈಗ ಓದಿದರೆ ನನಗೂ ಇರುಸುಮುರುಸಾಗುತ್ತೆ. ಆದರೆ ಅದೇ ಜೂನ್ 17ರ ಮೇಲೆ ಅವರು ಕಾದಂಬರಿಯನ್ನೂ ಬರೆದರು. ಪಶ್ಚಿಮದ ಪಿತೂರಿ ಅಂತ ಸರ್ಕಾರ ಹೇಳಿದ್ದನ್ನು ಅದು ಪೂರ್ತಿ ಒಪ್ಪಲಿಲ್ಲ, ಜನರ ದಂಗೆ ಅಂತ ಪಶ್ಚಿಮ ಹೇಳಿದ್ದನ್ನೂ ಒಪ್ಪಲಿಲ್ಲ. ಪೂರ್ವದಲ್ಲಿ ಅಚ್ಚು ಹಾಕಲು ಬಿಡಲಿಲ್ಲ. 1965ರ ಪಕ್ಷದ ಕೇಂದ್ರ ಸಮಿತಿ ಸಭೆಯಲ್ಲಿ, ಮುಂದೆ ಪೂರ್ವ ಜರ್ಮನಿಯ ನಾಯಕರಾದ ಹೊನೆಕರ್ ಇವರ ಹೆಸರು ಹಿಡಿದೇ ಬೈದರು. ತಿದ್ದಿದ ಕಾದಂಬರಿ, 'ಜೂನ್‌ನ ಐದು ದಿನಗಳು', 1974ರಲ್ಲಿ ಪಶ್ಚಿಮದಲ್ಲಿ ಬಂತು. ಬರೆದವರ ಸ್ವಂತ ದೇಶದಲ್ಲಿ ಬಂದದ್ದು 1989ರಲ್ಲಿ, ಆ ದೇಶವೇ ಮುಗಿಯುವ ಹೊತ್ತಿಗೆ.

ಹಳೇಪುಟ ಅವರ ಪ್ರಶ್ನೆಗೆ ಸಂಬಂಧಪಟ್ಟದ್ದು: ಈ ಕಾದಂಬರಿಯನ್ನೂ ಅವರು ಮೊದಲು ಇಂಗ್ಲಿಷಿನಲ್ಲಿ ಬರೆದದ್ದು! ಪೂರ್ವ ಬರ್ಲಿನ್‌ನಲ್ಲಿ ಕೂತು, ಸುತ್ತಲೂ ಜರ್ಮನ್ ಕೇಳಿಸಿಕೊಳ್ಳುತ್ತಾ, ಜರ್ಮನ್ ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ. ಏಕೆ? ಮನೆಯಲ್ಲಿ ಗರ್ಟ್ರೂಡ್ ಗೆಲ್ಬಿನ್ ಇದ್ದರು. ಮೊದಲ ಹೆಂಡತಿ, ಅಮೆರಿಕದವರು, ಇವರ ಇಂಗ್ಲಿಷ್ ಬರಹವನ್ನು ತಿದ್ದುತ್ತಿದ್ದವರು. ಪೂರ್ವ ಬರ್ಲಿನ್‌ನಲ್ಲೇ ಕೂತು 'ಸೆವೆನ್ ಸೀಸ್' ಅನ್ನೋ ಇಂಗ್ಲಿಷ್ ಪ್ರಕಾಶನ ನಡೆಸಿದರು. ದಕ್ಷಿಣ ಆಫ್ರಿಕಾದ ಅಲೆಕ್ಸ್ ಲ ಗುಮಾ ಅವರ ಪುಸ್ತಕಗಳು ಅಲ್ಲಿಂದ ಬಂದವು. ಗರ್ಟ್ರೂಡ್ 1969ರಲ್ಲಿ ತೀರಿಕೊಂಡರು. ಎಪ್ಪತ್ತರ ದಶಕದಲ್ಲಿ ಹೈಮ್ ಮೆಲ್ಲಗೆ ಜರ್ಮನ್‌ಗೆ ವಾಲಿದರು. ಇವೆರಡನ್ನೂ ಕೂಡಿಸಿ ನೋಡೋದು ನನ್ನ ಊಹೆ. ಆದರೆ ಬರೆದ ಹಾಳೆಯನ್ನು ಮೊದಲು ಓದುವವರು ಯಾವ ಭಾಷೆಯವರೋ ಆ ಭಾಷೆಯಲ್ಲೇ ಕೈ ಓಡುತ್ತೆ.

ಗುಬ್ಬಿಗೂಡು
ಈ ಕಡೀ ಮಾತು ಖರೇ ಐತ್ರಿ. ನಮ್ಮ ಮನ್ಯಾಗ ಮೊದಲ ಓದುಗಳು ನಮ್ಮವ್ವ. ಆಕಿ ಹೋದ ಮ್ಯಾಲೆ ನಾ ಬರೆಯೂದು ಪುಸ್ತಕದ ಕನ್ನಡ ಆಗೇತಿ ಅಂತ ಗೆಳತ್ಯಾರು ಅಂತಾರ.

ಹಳೇಪುಟ
ನೂರೆಂಬತ್ತು ಪುಟ ಆಯಿತು. ಕಥೆ ಹೀಗಿದೆ. ಬೈಬಲಿನ ಅರಸ ಸೊಲೊಮೋನ ತನ್ನ ಅಪ್ಪ ದಾವೀದನ ಚರಿತ್ರೆ ಬರೆಸಬೇಕು ಅಂತ ಆಯೋಗ ಮಾಡುತ್ತಾನೆ. ಬರೆಯಲು ಏತಾನ ಅನ್ನೋ ಪಂಡಿತನನ್ನು ಹಳ್ಳಿಯಿಂದ ಕರೆಸುತ್ತಾನೆ. ಪಾಪ, ಏತಾನ ಪ್ರಾಮಾಣಿಕ. ಹೋಗಿ ಮುದುಕರನ್ನು ಕೇಳುತ್ತಾನೆ, ಹಳೆಯ ಓಲೆಗಳನ್ನು ನೋಡುತ್ತಾನೆ. ನೋಡಿದಷ್ಟೂ ಕಷ್ಟ. ದೈತ್ಯ ಗೊಲ್ಯಾತನನ್ನು ಕೊಂದದ್ದು ನಿಜಕ್ಕೂ ಯಾರು? ದಾವೀದ ಕೆಲಕಾಲ ಶತ್ರುಗಳಾದ ಫಿಲಿಷ್ಟಿಯರ ಕೈಕೆಳಗೆ ಇದ್ದನಲ್ಲ, ಅದನ್ನು ಹೇಗೆ ಬರೆಯೋದು? ಆಯೋಗದವರು ಮೇಜಿನ ಸುತ್ತ ಕೂತು, ಇದು ಇರಲಿ, ಅದು ಬೇಡ, ಇದನ್ನು ಮೂರು ಸಾಲಿನಲ್ಲಿ ಮುಗಿಸಿ ಅಂತ ತೀರ್ಮಾನಿಸುತ್ತಾರೆ. ಯಾವುದೇ ಸ್ಮರಣ ಸಂಚಿಕೆಯ ಸಮಿತಿಯಲ್ಲಿ ಒಮ್ಮೆ ಕೂತಿದ್ದವರಿಗೆ ಈ ಭಾಗ ಓದುವಾಗ ನಗು ತಡೆಯೋದು ಕಷ್ಟ.

ಆ ವರದಿಗೆ ಇಟ್ಟ ಹೆಸರು ಒಂದು ಪ್ಯಾರಾ ಇದೆ. ಕನ್ನಡಕ್ಕೆ ತರಲು ನೋಡಿದೆ: 'ಇಷಯನ ಮಗನೂ, ಏಳು ವರ್ಷ ಯೆಹೂದಕ್ಕೂ ಮೂವತ್ತಮೂರು ವರ್ಷ ಯೆಹೂದ ಇಸ್ರಾಯೇಲ್ ಎರಡಕ್ಕೂ ಅರಸನೂ, ದೇವರು ಆರಿಸಿದವನೂ, ಸೊಲೊಮೋನನ ತಂದೆಯೂ ಆದ ದಾವೀದನ ಬೆರಗಿನ ಏಳಿಗೆ, ದೈವಭಕ್ತಿಯ ಬಾಳು, ವೀರಕಾರ್ಯ ಮತ್ತು ಅದ್ಭುತ ಸಾಧನೆಗಳ ಏಕಮಾತ್ರ ಸತ್ಯವಾದ, ಅಧಿಕೃತವಾದ, ಚಾರಿತ್ರಿಕವಾಗಿ ಸರಿಯಾದ, ಸರ್ಕಾರದ ಒಪ್ಪಿಗೆ ಪಡೆದ ವರದಿ'. ಉಸಿರು ಹೋಯಿತು.

ಕಡಲತಡಿ
ಹೆಸರುಗಳು ನಮ್ಮ ಕನ್ನಡ ಬೈಬಲಿನಲ್ಲಿ ಇದ್ದ ಹಾಗೇ ಹಾಕಿದ್ದೀರಿ, ಓದಲು ಹಿತ ಆಯ್ತು. ಗೊಲ್ಯಾತನ ಸಂಗತಿ ಹೈಮ್ ಕಟ್ಟಿದ್ದಲ್ಲ, ಗೊತ್ತುಂಟಲ್ಲ? ಸಮುವೇಲನ ಮೊದಲ ಪುಸ್ತಕ 17ನೇ ಅಧ್ಯಾಯದಲ್ಲಿ ದಾವೀದ ಕೊಲ್ಲುತ್ತಾನೆ. ಎರಡನೇ ಪುಸ್ತಕ 21ನೇ ಅಧ್ಯಾಯದಲ್ಲಿ ಎಲ್ಹಾನಾನ ಅಂತ ಇನ್ನೊಬ್ಬ ಕೊಲ್ಲುತ್ತಾನೆ. ಎರಡೂ ಅಲ್ಲೇ ಉಂಟು. ಸಣ್ಣವನಿರುವಾಗ ಸಂಡೇ ಸ್ಕೂಲಿನಲ್ಲಿ ಇದನ್ನು ಕೇಳಿ ಬೆಂಚಿನ ಮೇಲೆ ನಿಂತಿದ್ದೆ.

ಎಮ್ಮೆಕೆರೆ
ಆ ಹೆಸರು ಹೊಸಗನ್ನಡಕ್ಕೆ ಸಾಲದು ಹಳೇಪುಟ ಸಾರ್. ಕಲ್ಲಿಗೇ ಕೆತ್ತಬೇಕು: 'ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಇಷಯಪುತ್ರ ದಾವೀದದೇವರ ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಮಾಚಂದ್ರಾರ್ಕತಾರಂ ಸಲುತ್ತಮಿರೆ'. ಗೊಲ್ಯಾತನನ್ನು ಕೊಂದದ್ದು ಯಾರು ಅನ್ನೋ ಜಾಗದಲ್ಲಿ ಕಲ್ಲು ಒಡೆದಿದೆ.

ಗುಬ್ಬಿಗೂಡು
😄 ಕಲ್ಲು ಒಡದೈತಿ ಅನ್ನೂದು ಭಾರಿ ಆತು.

ನಾನೂ ಇದನ್ನ ಓದೇನ್ರಿ, ಜರ್ಮನ್‌ದಾಗ, ಕಲಿಯೂಮುಂದ. ಕಡೀಕ ಏತಾನಗ ಏನ್ ಶಿಕ್ಷಾ ಕೊಡ್ತಾರ ಅಂತ ಹಳೇಪುಟ ಅವರಿಗೆ ಇನ್ನೂ ಗೊತ್ತಿಲ್ಲದಿದ್ರ ಮುಂದಿನ ಸಾಲು ಬಿಟ್ಟು ಓದ್ರಿ. ಕೊಲ್ಲೂದಿಲ್ಲ. ಕೊಂದ್ರ ಅರಸನ ಜಾಣತನದ ಹೆಸರು ಕೆಡತೈತಿ. ಅವನ್ನ ಮೌನದಿಂದ ಸಾಯಿಸ್ರಿ ಅಂತಾನ ಸೊಲೊಮೋನ. ಅವನ ಮಾತು ಯಾರ ಕಿವಿಗೂ ಬೀಳಬಾರದು, ಹೆಸರು ಎಲ್ಲೂ ಬರಬಾರದು. ಜರ್ಮನ್‌ದಾಗ ಇದಕ್ಕ ಒಂದ ಶಬ್ದ ಐತಿ, 'ಟೋಟ್‌ಷ್ವೈಗನ್'. ಟೋಟ್ ಅಂದ್ರ ಸತ್ತ, ಷ್ವೈಗನ್ ಅಂದ್ರ ಸುಮ್ಮನಿರೂದು. ದಿನಾ ಬಳಸೂ ಮಾತು, ಅದರಾಗ ಸಾವು ಐತಿ ಅಂತ ಯಾರಿಗೂ ಹೊಳಿಯೂದಿಲ್ಲ. ಹೈಮ್ ಅದನ್ನ ಅಕ್ಷರಶಃ ಶಿಕ್ಷಾ ಮಾಡ್ಯಾರ. ಹಳೇಪುಟ ಸರ್, ನಿಮ್ಮ ಇಂಗ್ಲಿಷ್ ಪುಸ್ತಕದಾಗ ಆ ಜಾಗಾ ಹೆಂಗ ಬಂದೈತಿ ನೋಡಿ ಹೇಳ್ರಿ.

ಹಳೇಪುಟ
ನೋಡಿದೆ ಅಕ್ಕ. 'ಸೈಲೆನ್ಸ್‌ಡ್ ಟು ಡೆತ್' ಅಂತಿದೆ. ಇಂಗ್ಲಿಷಿನಲ್ಲಿ ಹಾಗೊಂದು ನುಡಿಗಟ್ಟು ಇಲ್ಲ. ಅಚ್ಚಿನ ತಪ್ಪೇನೋ ಅನ್ನೋ ಹಾಗೆ ಒಂದು ಕ್ಷಣ ತಡವರಿಸಿ, ಆಮೇಲೆ ಅರ್ಥ ಆಗಿ ಮೈ ಜುಂ ಅನ್ನುತ್ತೆ. ಜರ್ಮನ್ ಓದುಗರಿಗೆ ಪರಿಚಿತ ಮಾತು ತಿರುಗಿ ಕಚ್ಚುತ್ತೆ, ಇಂಗ್ಲಿಷ್ ಓದುಗರಿಗೆ ಹೊಸ ಮಾತೇ ಕಚ್ಚುತ್ತೆ. ಅಂದರೆ ಇಂಗ್ಲಿಷಿನ ಅಡಿಯಲ್ಲಿ ಜರ್ಮನ್ ಇದೆ. ಬೇರೆ ಅನುವಾದಕರು ಆಗಿದ್ದರೆ ಇದನ್ನು ನುಣ್ಣಗೆ ಮಾಡಿಬಿಡುತ್ತಿದ್ದರು.

ಕಾರ್ನಾಡರು 'ತುಘಲಕ್' ಕನ್ನಡದಲ್ಲಿ ಬರೆದು ತಾವೇ ಇಂಗ್ಲಿಷ್ ಮಾಡಿದರಲ್ಲ, ಅಲ್ಲಿ ಯಾವುದು ಮೊದಲು ಅನ್ನೋ ಗೊಂದಲ ಇಲ್ಲ. ಹೈಮ್ ವಿಷಯದಲ್ಲಿ ನನ್ನ ಪ್ರಶ್ನೆಯನ್ನೇ ತಪ್ಪು ಕೇಳಿದೆ ಅನ್ನಿಸ್ತಿದೆ. ಪುಸ್ತಕಕ್ಕೊಂದು ಮೂಲ ಹುಡುಕೋದಕ್ಕಿಂತ ಸಾಲು ಸಾಲಿಗೂ ನೋಡಬೇಕೇನೋ. ಈ ಸಾಲಿಗೆ ಮೂಲ ಜರ್ಮನ್.

ಕನ್ನಡದಲ್ಲಾದರೆ ಏನನ್ನೋಣ? 'ಬಹಿಷ್ಕಾರ' ಆಗಲ್ಲ, ಅದರಲ್ಲಿ ತಮಟೆ ಹೊಡೆದು ಸಾರುವ ಸದ್ದಿದೆ.

ಕಡಲತಡಿ
'ಮಾತಾಡದೆ ಕೊಲ್ಲುವುದು' ಅಂದರೆ ಗಂಡ ಹೆಂಡತಿ ಜಗಳದ ಹಾಗೆ ಕೇಳ್ತದೆ.

ಸಂಶಯಪಿಶಾಚಿ
'ಹೆಸರೆತ್ತದೆ ಕೊಲ್ಲು' ನೋಡಿ.

ಇನ್ನೊಂದು ಮಾತು. ಈ ಕಾದಂಬರಿ 1973ರಲ್ಲಿ ಪೂರ್ವ ಜರ್ಮನಿಯಲ್ಲೇ ಪ್ರಕಟವಾಯಿತು. ಸೊಲೊಮೋನನ ವೇಷದಲ್ಲಿ ಇರುವವರು ಯಾರು ಅಂತ ಅಲ್ಲಿನ ಮಕ್ಕಳಿಗೂ ಗೊತ್ತಿತ್ತು. ಹಾಗಿದ್ದೂ ಅಚ್ಚು ಹಾಕಲು ಬಿಟ್ಟರು. ಇದು ನನ್ನ ವಾದಕ್ಕೆ ವಿರುದ್ಧವೇ ಹೋಗುತ್ತೆ, ಆದರೂ ಹೇಳಬೇಕು. 'ಹೆಸರೆತ್ತದೆ ಕೊಲ್ಲೋದು' ಅವರಿಗೇ ಬಂದದ್ದು ಆಮೇಲೆ. 1976ರಲ್ಲಿ ಗಾಯಕ ಬೀರ್ಮನ್ ಅವರ ಪೌರತ್ವ ಕಿತ್ತುಕೊಂಡಾಗ ಪ್ರತಿಭಟನೆ ಪತ್ರಕ್ಕೆ ಸಹಿ ಹಾಕಿದವರಲ್ಲಿ ಹೈಮ್ ಒಬ್ಬರು. 1979ರಲ್ಲಿ 'ಕೊಲಿನ್' ಕಾದಂಬರಿಯನ್ನು ಅನುಮತಿ ಇಲ್ಲದೆ ಪಶ್ಚಿಮದಲ್ಲಿ ಪ್ರಕಟಿಸಿದ್ದಕ್ಕೆ 9000 ಮಾರ್ಕ್ ದಂಡ. ಕಾರಣ ಸಾಹಿತ್ಯ ಅಲ್ಲವಂತೆ, ವಿದೇಶಿ ವಿನಿಮಯದ ಕಾನೂನು ಮುರಿದರಂತೆ! ಅದೇ ಜೂನ್‌ನಲ್ಲಿ ಇನ್ನೂ ಎಂಟು ಜನರ ಜೊತೆ ಲೇಖಕರ ಸಂಘದಿಂದ ಹೊರಗೆ.

ಎಮ್ಮೆಕೆರೆ
ಕಾದಂಬರಿ ಬರೆದದ್ದಕ್ಕೆ ಫಾರಿನ್ ಎಕ್ಸ್‌ಚೇಂಜ್ ಕೇಸು. ಗುಮಾಸ್ತರು ಎಲ್ಲ ದೇಶದಲ್ಲೂ ಒಂದೇ ಪಾಠಶಾಲೆಯವರು.

ನೆಕ್ಕಾರ್_ತೀರ
ಈಗ 1989. ನವೆಂಬರ್ 4, ಬರ್ಲಿನ್‌ನ ಅಲೆಕ್ಸಾಂಡರ್ ಚೌಕ, ಲಕ್ಷಾಂತರ ಜನ. ಎಪ್ಪತ್ತಾರು ವರ್ಷದ ಹೈಮ್ ಮೈಕ್ ಮುಂದೆ ನಿಂತು, ಇಷ್ಟು ವರ್ಷದ ಜಡತ್ವದ ನಂತರ ಯಾರೋ ಕಿಟಕಿಗಳನ್ನು ತಳ್ಳಿ ತೆರೆದ ಹಾಗಿದೆ ಅಂದರು. ಆ ವೀಡಿಯೊ ಸಿಗುತ್ತೆ, ನೋಡಿ. ಬೆನ್ನು ಸ್ವಲ್ಪ ಬಾಗಿದೆ, ದಪ್ಪ ದನಿ. ಐದು ದಿನಕ್ಕೆ ಗೋಡೆ ತೆರೆಯಿತು.

ಆಮೇಲಿನದ್ದು ಅಷ್ಟು ಚೆನ್ನಾಗಿಲ್ಲ. ಪೂರ್ವ ಜರ್ಮನಿ ಬೇರೆಯಾಗಿಯೇ ಉಳಿದು ನಿಜವಾದ ಸಮಾಜವಾದಿ ದೇಶ ಆಗಬೇಕು ಅಂತ ಇವರ ಆಸೆ. ನವೆಂಬರ್ 28ರಂದು 'ನಮ್ಮ ದೇಶಕ್ಕಾಗಿ' ಅನ್ನೋ ಮನವಿಯನ್ನು ಪತ್ರಿಕಾಗೋಷ್ಠಿಯಲ್ಲಿ ಓದಿದರು. ಜನ ಮಾತ್ರ ಪಶ್ಚಿಮದ ಅಂಗಡಿಗಳ ಮುಂದೆ ಸಾಲು ನಿಂತಿದ್ದರು. ಆ ಜನ ಅಗ್ಗದ ಬುಟ್ಟಿಗಳಲ್ಲಿ ಕೈಹಾಕಿ ಕೆದಕುತ್ತಿದ್ದುದನ್ನು ಹೈಮ್ ಹೀಯಾಳಿಸಿ ಲೇಖನ ಬರೆದರು. ಅಮೆರಿಕ ನೋಡಿಬಂದ, ಪಶ್ಚಿಮಕ್ಕೆ ಬೇಕೆಂದಾಗ ಹೋಗಿಬರುತ್ತಿದ್ದ ಮನುಷ್ಯ, ನಲವತ್ತು ವರ್ಷ ಕಾದವರಿಗೆ ಹೇಳುವ ಮಾತೇ ಅದು? ಲೇಖಕಿ ಮೊನಿಕಾ ಮಾರೋನ್ ಚೆನ್ನಾಗಿಯೇ ಜಾಡಿಸಿದರು. ಇಲ್ಲಿ ನಾನು ಪೂರ್ತಿ ಸಂಶಯಪಿಶಾಚಿ ಅವರ ಕಡೆ. 1990ರ ಮಾರ್ಚ್ ಚುನಾವಣೆಯ ರಾತ್ರಿ, ಈ ದೇಶ ಇನ್ನು ವಿಶ್ವ ಇತಿಹಾಸದ ಒಂದು ಅಡಿಟಿಪ್ಪಣಿ ಅಂದರು.

1994ರಲ್ಲಿ, 81ನೇ ವಯಸ್ಸಿಗೆ, ಬರ್ಲಿನ್‌ನಿಂದ ಗೆದ್ದು ಸಂಸತ್ತಿಗೆ ಬಂದರು. ಹಳೆಯ ಕಮ್ಯುನಿಸ್ಟ್ ಪಕ್ಷದ ಉತ್ತರಾಧಿಕಾರಿ ಪಿಡಿಎಸ್ ಪಟ್ಟಿಯಲ್ಲಿ, ಆದರೆ ಸದಸ್ಯರಲ್ಲ. ಹೊಸ ಸಂಸತ್ತಿನ ಮೊದಲ ದಿನ ಎಲ್ಲರಿಗಿಂತ ಹಿರಿಯರು ಆರಂಭದ ಭಾಷಣ ಮಾಡೋದು ಆಗಿನ ಪದ್ಧತಿ. ನವೆಂಬರ್ 10, ಹಳೆಯ ರೈಖ್‌ಸ್ಟಾಗ್ ಕಟ್ಟಡ, ಅದೇ 1933ರಲ್ಲಿ ಸುಟ್ಟದ್ದು, ಅದರ ಹೊಗೆ ಏಳುತ್ತಲೇ ಇವರು ದೇಶ ಬಿಟ್ಟದ್ದು. ವಿವೇಕಿಗಳೆಲ್ಲ ಒಟ್ಟಾಗಿ ಅಂತ ತೀರ ಸಾಧುವಾದ ಭಾಷಣ. ಆಗಿನ ಚಾನ್ಸಲರ್ ಕೋಲ್ ಅವರ ಪಕ್ಷದ ಸಾಲುಗಳಲ್ಲಿ ರೀಟಾ ಝ್ಯೂಸ್‌ಮೂತ್ ಒಬ್ಬರನ್ನು ಬಿಟ್ಟರೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೈಕಟ್ಟಿ ಕೂತರು. ಸರ್ಕಾರದ ಪ್ರಕಟಣಾ ಪತ್ರಿಕೆಯಲ್ಲೂ ಭಾಷಣವನ್ನು ಮೊದಲಿಗೆ ಹಾಕಲಿಲ್ಲ. ಮರುವರ್ಷ ಸಂಸದರು ತಮ್ಮ ಭತ್ಯೆ ತಾವೇ ಏರಿಸಿಕೊಳ್ಳಲು ಹೊರಟಾಗ ರಾಜೀನಾಮೆ ಕೊಟ್ಟು ಮನೆಗೆ ಹೋದರು.

ಗುಬ್ಬಿಗೂಡು
ಅಚ್ಚು ಹಾಕಲಿಲ್ಲ ಅಂದ್ರಿ. ಟೋಟ್‌ಷ್ವೈಗನ್ ಅಂದ್ರ ಇದ ನೋಡ್ರಿ. ಈ ಸಲ ಗೋಡಿ ಆ ಕಡಿಯವರು.

ತೀರಿಕೊಂಡದ್ದು ಇಸ್ರೇಲ್‌ದಾಗ ಅಲ್ರಿ?

ನೆಕ್ಕಾರ್_ತೀರ
ಹೌದು, 2001ರ ಡಿಸೆಂಬರ್ 16, ಮೃತ ಸಮುದ್ರದ ದಂಡೆಯ ಐನ್ ಬೊಕೆಕ್‌ನಲ್ಲಿ. ಜೆರುಸಲೇಮಿನಲ್ಲಿ ನಡೆದ ಹೈನೆ ಸಮ್ಮೇಳನಕ್ಕೆ ಅಂತ ಹೋಗಿದ್ದರು. ಷಿಕಾಗೊದಲ್ಲಿ ಪ್ರಬಂಧ ಬರೆದಿದ್ದ ಅದೇ ಹೈನೆ. ಮಣ್ಣು ಮಾಡಿದ್ದು ಬರ್ಲಿನ್‌ನ ವೈಸನ್‌ಸೇ ಯಹೂದಿ ಸ್ಮಶಾನದಲ್ಲಿ.

ಕಡಲತಡಿ
ಹಳೇಪುಟ, ಓದಿ ಆದ ಮೇಲೆ ಪುಸ್ತಕ ಮಂಗಳೂರಿಗೆ ಕಳಿಸ್ತೀರಾ? ಕೊರಿಯರ್ ಖರ್ಚು ನನ್ನದು. ಬೆಂಚಿನ ಮೇಲೆ ನಿಂತ ಲೆಕ್ಕ ಚುಕ್ತಾ ಆಗಬೇಕು.

ಹಳೇಪುಟ
ಖಂಡಿತ. ನಿನ್ನೆ ಬೈಂಡಿಂಗ್‌ಗೆ ಕೊಟ್ಟು ಬಂದೆ, ಶನಿವಾರ ಸಿಗುತ್ತೆ. ಮೊದಲ ಹಾಳೆ ಗಲೀಜಾಗಿದೆ, ಕಿತ್ತು ಹೊಸ ಬಿಳಿ ಹಾಳೆ ಹಾಕಲಾ ಅಂತ ಕೇಳಿದರು. ಹಾಲು, ತರಕಾರಿ, ಇಸ್ತ್ರಿ ಇರೋ ಹಾಳೆ. ಬೇಡ, ಅದು ಇರಲಿ ಅಂದೆ.